ಮೆಕ್ಸಿಕೊ–ಪೋರ್ಟೊ ರಿಕೊ ಬಾಕ್ಸಿಂಗ್ ಪೈಪೋಟಿ

ಮೆಕ್ಸಿಕೊ–ಪೋರ್ಟೊ ರಿಕೊ ಬಾಕ್ಸಿಂಗ್ ಪೈಪೋಟಿಯು ವೃತ್ತಿಪರ ಮುಷ್ಟಿಯುದ್ಧದಲ್ಲಿ ಎರಡು ನಾಡುಗಳ ಹೋರಾಟಶೈಲಿಗಳ ಮುಖಾಮುಖಿಯೆಂದು ಪ್ರಸಿದ್ಧವಾಗಿದೆ. ಎದುರಾಳಿಯ ಸಮೀಪಕ್ಕೆ ನುಗ್ಗಿ, ಎಡಗೈಯ ಹುಕ್ ಹೊಡೆತವನ್ನು ಯಕೃತ್ತಿನ ಭಾಗಕ್ಕೆ ನೀಡುವುದು ಮೆಕ್ಸಿಕನ್ ಶೈಲಿಯ ಲಕ್ಷಣವೆನ್ನಲಾಗುತ್ತದೆ. ಚುರುಕಾದ ಪಾದಚಲನೆ, ಜ್ಯಾಬ್ ಹಾಗೂ ಪ್ರತಿಹೊಡೆತಗಳು ಪೋರ್ಟೊ ರಿಕೊ ಶೈಲಿಯ ಗುರುತುಗಳು.

1992ರ ಸೆಪ್ಟೆಂಬರ್ 12ರಂದು ಲಾಸ್ ವೇಗಾಸ್‌ನಲ್ಲಿ ಮೆಕ್ಸಿಕೊದ ಜೂಲಿಯೊ ಸೀಸರ್ ಚಾವೆಜ್ ಅವರು ಪೋರ್ಟೊ ರಿಕೊದ ಹೆಕ್ಟರ್ ಕಮಾಚೊ ಅವರನ್ನು 12 ಸುತ್ತುಗಳ ಬಳಿಕ ಸರ್ವಾನುಮತದ ತೀರ್ಪಿನಿಂದ ಸೋಲಿಸಿದುದು ಈ ವರ್ಗೀಕರಣಕ್ಕೆ ಒಪ್ಪುವ ನಿದರ್ಶನ. ಆದರೆ 1981ರ ಆಗಸ್ಟ್ 21ರಂದು ಅದೇ ನಗರದಲ್ಲಿ ನಡೆದ ಫೆದರ್‌ವೇಟ್ ಪ್ರಶಸ್ತಿ ಪಂದ್ಯದಲ್ಲಿ ಪಾತ್ರಗಳು ಅದಲುಬದಲಾದವು. ಮುನ್ನುಗ್ಗಿದವರು ಅಲ್ಲಿಯವರೆಗೆ ಅಜೇಯರಾಗಿದ್ದ ಪೋರ್ಟೊ ರಿಕೊದ ವಿಲ್ಫ್ರೆಡೊ ಗೊಮೆಜ್. ಕಾದು ಪ್ರತಿಹೊಡೆತ ನೀಡಿ 8ನೆಯ ಸುತ್ತಿನಲ್ಲಿ ಗೆದ್ದವರು ಮೆಕ್ಸಿಕೊದ ಸಾಲ್ವಡಾರ್ ಸ್ಯಾಂಚೆಜ್. ಆದ್ದರಿಂದ ರಾಷ್ಟ್ರೀಯ ಶೈಲಿಯೆಂಬುದು ತರಬೇತಿಯ ಪರಂಪರೆಯನ್ನು ಸೂಚಿಸುತ್ತದೆಯೇ ಹೊರತು ಪ್ರತಿಯೊಬ್ಬ ಸ್ಪರ್ಧಿಯ ರೀತಿಯನ್ನಲ್ಲ.