ಹಸ್ತಪ್ರತಿ ಯಾರ ಕೈಗೆ? ಕೊಲ್ಲಿನಾಡಿನ ಕನ್ನಡ ಲೇಖಕನೂ ಮಧ್ಯಸ್ಥರ ಚರಿತ್ರೆಯೂ



ಎರಡು ವರ್ಷಗಳಿಗೊಮ್ಮೆ ಒಂದೆಡೆ ಸೇರುವ ಈ ಕನ್ನಡ ಕುಟುಂಬದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಒಂದು ಪ್ರಶ್ನೆ. ದುಬೈ, ಅಬುಧಾಬಿಗಳ ರಾಜ್ಯೋತ್ಸವ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗಲೆಲ್ಲ ಯಾರಾದರೊಬ್ಬ ತರುಣನೋ ತರುಣಿಯೋ ನನ್ನನ್ನು ಪಕ್ಕಕ್ಕೆ ಕರೆದು, “ಸರ್, ಒಂದು ಕಾದಂಬರಿ ಬರೆದಿದ್ದೇನೆ, ಯಾರಿಗೆ ಕಳುಹಿಸಲಿ?” ಎಂದು ಕೇಳುವುದುಂಟು. ಹಿಂದೆ ಈ ಪ್ರಶ್ನೆಗೆ ಊರಿನ ಯಾವ ಪ್ರಕಾಶಕರಿಗೆ ಎಂದಷ್ಟೇ ಅರ್ಥವಿತ್ತು. ಈಗ ಅದರೊಡನೆ ‘ಯಾವ ಸಾಹಿತ್ಯ ಏಜೆಂಟರಿಗೆ?’ ಎಂಬ ಹೊಸ ಪ್ರಶ್ನೆಯೂ ಸೇರಿಕೊಂಡಿದೆ. ಎರಡಕ್ಕೂ ಉತ್ತರ ಹೇಳಬೇಕಾದರೆ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ಹಾಕುವುದು ಅನಿವಾರ್ಯ. ಅದಕ್ಕೂ ಮೊದಲು ನನ್ನದೇ ಒಂದು ಅವಿವೇಕವನ್ನು ನಿವೇದಿಸಿಕೊಳ್ಳಬೇಕು.

ಕೊಲ್ಲಿಗೆ ಬಂದ ನನ್ನ ತಲೆಮಾರಿನವರಿಗೆ ‘ಏಜೆಂಟ್’ ಎಂದರೆ ವೀಸಾ ಏಜೆಂಟ್. ಅಮ್ಮನ ಬಳೆ ಅಡವಿಟ್ಟ ಹಣವನ್ನು ಮುಂಬಯಿಯಲ್ಲಿ ಅವನ ಕೈಗೆ ಸುರಿದು, ವಿಮಾನದ ಟಿಕೆಟ್ಟು ಬರುವವರೆಗೂ ಉಸಿರು ಬಿಗಿಹಿಡಿದು ಕಾದವರು ನಾವು. 1983ರ ವಲಸೆ ಕಾಯಿದೆಯು ನೇಮಕಾತಿ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದ ಮೇಲೂ ಮೋಸಹೋದವರ ಕಥೆಗಳು ನಿಲ್ಲಲಿಲ್ಲ. ಇಷ್ಟೆಲ್ಲ ಬಲ್ಲವನಾಗಿಯೂ 1991ರಲ್ಲಿ ದೇರಾದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ನಾನು ನನ್ನ ಹನ್ನೆರಡು ಕಥೆಗಳ ಹಸ್ತಪ್ರತಿಯನ್ನು, ರಜೆಯ ಮೇಲೆ ಊರಿಗೆ ಹೊರಟ ಮಿತ್ರರ ಕೈಯಲ್ಲಿ, ಯಾರೋ ಹೇಳಿದ ಒಂದು ವಿಳಾಸಕ್ಕೆ ಕಳುಹಿಸಿಬಿಟ್ಟೆ. ಹದಿನೈದೇ ದಿನಗಳಲ್ಲಿ ಉತ್ತರ ಬಂತು. ಕಥೆಗಳು ಅಮೋಘವಾಗಿವೆ, ಮುದ್ರಣ ವೆಚ್ಚವನ್ನು ಮಾತ್ರ ಲೇಖಕರು ಭರಿಸಬೇಕು ಎಂದಿತ್ತು. ಮೂರು ತಿಂಗಳ ಸಂಬಳದಷ್ಟು ಹಣದ ಡ್ರಾಫ್ಟು ಕಳುಹಿಸಿದೆ. ಮುಂದಿನ ವರ್ಷ ಸಾವಿರ ಪ್ರತಿಗಳ ಕಟ್ಟುಗಳು ಲಾರಿಯಲ್ಲಿ ಬಂದು ಉಡುಪಿಯ ಬಳಿಯ ನಮ್ಮ ಮನೆಯ ಜಗಲಿಯಲ್ಲಿ ಇಳಿದವು. ಮಾರಾಟದ ಮಾತನ್ನು ಆ ಕಡೆಯವರು ಮತ್ತೆ ಎತ್ತಲಿಲ್ಲ. ಅಮ್ಮ ಅವನ್ನು ಆಳುಗಳಿಂದ ಅಟ್ಟಕ್ಕೇರಿಸಿ, ಪ್ರತಿ ಮಳೆಗಾಲಕ್ಕೂ ಸೋರದ ಮೂಲೆಗೆ ಸರಿಸಿಡುತ್ತಿದ್ದರು.

ನನ್ನ ಈ ವೃತ್ತಾಂತವನ್ನು ಕೇಳಿದ ಅಬುಧಾಬಿಯ ಹಿರಿಯ ಮಿತ್ರರೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಅಲ್ಲ ರಾಯರೇ, ಅವರು ಹೊರತಂದ ಬೇರೆ ಯಾವ ಪುಸ್ತಕ ಓದಿದ್ದಿರಿ?” ನಾನು ಒಂದನ್ನೂ ಓದಿರಲಿಲ್ಲ! ಈ ಪ್ರಶ್ನೆಯ ಮಹತ್ವ ನನಗೆ ಪೂರ್ಣವಾಗಿ ಅರಿವಾದದ್ದು ಕನ್ನಡ ಪ್ರಕಾಶನದ ಚರಿತ್ರೆಯನ್ನು ಓದಿಕೊಂಡ ಮೇಲೆ.

ಕನ್ನಡದಲ್ಲಿ ಲೇಖಕನ ಪರವಾಗಿ ಹಸ್ತಪ್ರತಿ ಹಿಡಿದು ತಿರುಗುವ ಮಧ್ಯಸ್ಥನ ವೃತ್ತಿ ಬೆಳೆಯಲೇ ಇಲ್ಲ. ಲೇಖಕನೇ ಪ್ರಕಾಶಕ, ಅವನೇ ಹೊರೆಯಾಳು. ಗಳಗನಾಥರೆಂದೇ ಪ್ರಸಿದ್ಧರಾದ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ್ದು ಮನೆಮಾತಾಗಿದೆ. ಕಡಲ ತೀರದ ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣ, ಪ್ರಕಾಶನಗಳ ಸಾಹಸಕ್ಕಿಳಿದು ಕೈಸುಟ್ಟುಕೊಂಡರೂ ಎದೆಗುಂದಲಿಲ್ಲ. ಕನ್ನಡಕ್ಕೆ ಓದುಗರನ್ನು ಒದಗಿಸಿದ ಈ ಪುಣ್ಯಜೀವಿಗಳ ಋಣ ನಮ್ಮೆಲ್ಲರ ಮೇಲಿದೆ. ಆದರೆ ಸಾಗರದಾಚೆ ಕುಳಿತವನು ಪುಸ್ತಕದ ಗಂಟು ಹೊತ್ತು ಹಾವೇರಿಯ ಹಳ್ಳಿಗಳನ್ನು ಸುತ್ತುವುದೆಂತು? ಅವನು ಇನ್ನೊಬ್ಬರ ಕೈಯನ್ನು ನಂಬಲೇಬೇಕು.

ಹಾಗೆ ನಂಬಿ ಗೆದ್ದವರ ಎರಡು ಉದಾಹರಣೆಗಳು ನಮ್ಮ ಕಣ್ಣೆದುರಿಗಿವೆ. ಗಿರೀಶ ಕಾರ್ನಾಡರ ‘ಯಯಾತಿ’ ಅಚ್ಚಾದದ್ದು 1961ರಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ. ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಅದು ಪ್ರಕಟವಾದದ್ದು 1965ರಲ್ಲಿ. ಪರದೇಶದಲ್ಲಿದ್ದ ಈ ಇಬ್ಬರ ಕೃತಿಗಳೂ ಬಂದು ಸೇರಿದ್ದು ಒಂದೇ ಮನೆಯನ್ನು. ಅದು ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ. ಸುಭಾಸ ರಸ್ತೆಯಲ್ಲಿದ್ದ ಅದರ ಕಚೇರಿಯನ್ನು ಸಾಹಿತ್ಯ ವಲಯವೆಲ್ಲ ‘ಅಟ್ಟ’ ಎಂದೇ ಕರೆಯುತ್ತಿತ್ತು. ಅದು ಸಿರಿವಂತ ಸಂಸ್ಥೆಯೇನೂ ಅಲ್ಲ. ಚಂದಾದಾರರ ಬಲದಿಂದ ನಡೆದದ್ದು. ಆದರೆ ಆ ಅಟ್ಟದಲ್ಲಿ ಜೋಶಿಯವರಿದ್ದರು, ಸಾಹಿತ್ಯ ಸಲಹೆಗಾರರಾಗಿ ಕೀರ್ತಿನಾಥ ಕುರ್ತಕೋಟಿಯವರಿದ್ದರು. ಹೊಸಬರ ಬರಹವನ್ನು ತಾಳ್ಮೆಯಿಂದ ಓದಿ, ನಿರ್ದಾಕ್ಷಿಣ್ಯವಾಗಿ ಅಭಿಪ್ರಾಯ ಹೇಳಬಲ್ಲವರು ಅಲ್ಲಿದ್ದರೆಂಬುದೇ ಆ ಮನೆಯ ನಿಜವಾದ ಬಂಡವಾಳ. ಲೇಖಕನು ಹುಡುಕಬೇಕಾದದ್ದು ಇಂಥ ಓದುಗನನ್ನು ಎಂಬುದೇ ಈ ಚರಿತ್ರೆಯಿಂದ ನಾನು ಕಲಿತ ಪಾಠ.

ಇನ್ನು ಆಂಗ್ಲ ಸಾಹಿತ್ಯ ಪ್ರಪಂಚದ ಪದ್ಧತಿ. ಅಲ್ಲಿ ಏಜೆಂಟ್ ವೃತ್ತಿಗೆ ತಳಹದಿ ಹಾಕಿದವನು ಅಲೆಕ್ಸಾಂಡರ್ ಪೊಲಾಕ್ ವಾಟ್ ಎಂಬ ಸ್ಕಾಟ್ಲೆಂಡಿನವನು. ಕಾಲ 19ನೆಯ ಶತಮಾನದ ಕೊನೆಯ ಪಾದ, ಸ್ಥಳ ಲಂಡನ್. ಲೇಖಕನಿಗೆ ಬರುವ ಹಣದಲ್ಲಿ ಶೇಕಡಾ 10 ಅವನ ದಸ್ತೂರಿ. ಲೇಖಕ ಗಳಿಸಿದರೆ ಅವನ ಗಳಿಕೆ. ಇಲ್ಲವಾದರೆ ಅವನಿಗೂ ಸೊನ್ನೆ. ಈಗ ಈ ದಸ್ತೂರಿ ಸಾಮಾನ್ಯವಾಗಿ ಶೇಕಡಾ 15, ಪರದೇಶದ ಹಾಗೂ ಭಾಷಾಂತರದ ಹಕ್ಕುಗಳಿಗೆ ಶೇಕಡಾ 20ರಷ್ಟಾಗಿದೆಯಾದರೂ ಮೂಲತತ್ತ್ವ ಮಾತ್ರ ಬದಲಾಗಿಲ್ಲ. ಓದುವುದಕ್ಕೇ ಮುಂಗಡ ಹಣ ಕೇಳುವವನು ಆ ಪರಂಪರೆಗೆ ಸೇರಿದವನಲ್ಲ.

ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಕಥೆ ಇಲ್ಲಿ ನೆನಪಾಗುತ್ತದೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಆಕ್ಸ್‌ಫರ್ಡಿನಲ್ಲಿದ್ದ ಮಿತ್ರ ಪೂರ್ಣ ಅವರು ಅದನ್ನು ಗ್ರಹಾಂ ಗ್ರೀನ್ ಅವರ ಕೈಗಿತ್ತರು. ಓದಿ ಮೆಚ್ಚಿದ ಗ್ರೀನ್ ತಾವೇ ಮುಂದೆ ನಿಂತದ್ದರಿಂದ 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ಡೇವಿಡ್ ಹೈಯಮ್ ಎಂಬ ಏಜೆಂಟರು ನಾರಾಯಣರ ವ್ಯವಹಾರವನ್ನು ನೋಡಿಕೊಳ್ಳತೊಡಗಿದರು. ಏಜೆಂಟನಿಗೂ ಮುಂಚೆ ಒಬ್ಬ ಓದುಗ ಬಂದಿದ್ದ ಎಂಬುದನ್ನು ತರುಣ ಮಿತ್ರರು ಗಮನಿಸಬೇಕು. ಕರ್ನಾಟಕದ ನೆಲದಲ್ಲಿಯೇ, ಬೆಂಗಳೂರಿನಲ್ಲಿ, ‘ಜಕರಾಂಡ’ ಎಂಬ ಸಾಹಿತ್ಯ ಏಜೆನ್ಸಿಯನ್ನು ಜಯಪ್ರಿಯಾ ವಾಸುದೇವನ್ ಆರಂಭಿಸಿದ್ದು 1997ರಲ್ಲಿ.

ನಾವಿರುವ ಈ ಮರಳುನಾಡಿನಲ್ಲಿಯೂ ಕಾಲಕ್ರಮದಲ್ಲಿ ಬಾಗಿಲುಗಳು ತೆರೆದುಕೊಂಡಿವೆ. ನೆರೆಯ ಶಾರ್ಜಾದ ಪುಸ್ತಕ ಮೇಳ 1982ರಲ್ಲಿ ಪ್ರಾರಂಭವಾಯಿತು. ಮಲಯಾಳಿ ಸೋದರರು ಅಲ್ಲಿ ಸಾಲುಸಾಲಾಗಿ ಪುಸ್ತಕ ಬಿಡುಗಡೆ ಮಾಡುವುದನ್ನು ಕಂಡು ನಾವು ಎಷ್ಟೋ ಬಾರಿ ಕರುಬಿದ್ದೇವೆ. 2011ರಲ್ಲಿ ಅಲ್ಲಿ 3 ಲಕ್ಷ ಡಾಲರುಗಳ ಭಾಷಾಂತರ ನಿಧಿಯೂ ಘೋಷಿತವಾಯಿತು. ಅದು ಪ್ರಕಾಶಕರ ನಡುವಣ ಹಕ್ಕುಗಳ ವ್ಯವಹಾರಕ್ಕಾಗಿ ಇರುವುದರಿಂದ, ಲೇಖಕನೊಬ್ಬನೇ ಅಲ್ಲಿಗೆ ಹೋಗಿ ಕೈಚಾಚಿ ಫಲವಿಲ್ಲ. ದುಬೈಯಲ್ಲಿ ಎಮಿರೇಟ್ಸ್ ಸಾಹಿತ್ಯೋತ್ಸವ ಮೊದಲುಗೊಂಡದ್ದು 2009ರಲ್ಲಿ. 2013ರಲ್ಲಿ ಅದರ ಅಂಗವಾಗಿ ಮಾಂಟೆಗ್ರಾಪ್ಪ ಪ್ರಶಸ್ತಿ ಸ್ಪರ್ಧೆ ಏರ್ಪಟ್ಟಾಗ, ಇನ್ನೂ ಪ್ರಕಟವಾಗದ ಲೇಖಕರ ಬರಹವನ್ನು ಲಂಡನ್ನಿನ ಏಜೆಂಟ್ ಲುಯಿಜಿ ಬೊನೋಮಿ ಸ್ವತಃ ಓದಿದರು. ಅಂದು ಗೆದ್ದ ದುಬೈ ನಿವಾಸಿ ಆನಬೆಲ್ ಕಾಂಟೇರಿಯಾ ಅವರ ಮೊದಲ ಕಾದಂಬರಿ 2015ರಲ್ಲಿ ಹೊರಬಂತು. ಅಬುಧಾಬಿಯಲ್ಲಿ ಬೆಳೆದ ದೀಪಕ್ ಉಣ್ಣಿಕೃಷ್ಣನ್ ಅವರ ಮಾರ್ಗ ಬೇರೆ. ಕೊಲ್ಲಿಯ ವಲಸಿಗರ ಬದುಕನ್ನು ಕುರಿತ ಅವರ ‘ಟೆಂಪೊರರಿ ಪೀಪಲ್’ ಅಮೆರಿಕದ ರೆಸ್ಟ್‌ಲೆಸ್ ಬುಕ್ಸ್ ಸಂಸ್ಥೆಯು ವಲಸಿಗ ಲೇಖಕರಿಗೆಂದೇ ಇಟ್ಟ ಬಹುಮಾನವನ್ನು 2016ರಲ್ಲಿ ಪಡೆದು, ಮರುವರ್ಷ ಪ್ರಕಟವಾಯಿತು. ತನ್ನಂಥವರ ಬರಹಕ್ಕಾಗಿಯೇ ಕಾದಿದ್ದ ಬಾಗಿಲನ್ನು ಆ ಕೃತಿ ತಟ್ಟಿತ್ತು.

ಕನ್ನಡದ ಪಾಲಿಗೆ ಮಹತ್ತರವಾದ ವರ್ಷ 2025. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಲಭಿಸಿತು. 50,000 ಪೌಂಡುಗಳ ಬಹುಮಾನವನ್ನು ಲೇಖಕಿ, ಅನುವಾದಕಿ ಇಬ್ಬರೂ ಸಮನಾಗಿ ಹಂಚಿಕೊಂಡರು. ಪ್ರಕಟಿಸಿದ್ದು ‘ಅಂಡ್ ಅದರ್ ಸ್ಟೋರೀಸ್’ ಎಂಬ ಇಂಗ್ಲೆಂಡಿನ ಚಿಕ್ಕ ಪ್ರಕಾಶನ ಸಂಸ್ಥೆ. ನಡುವೆ ನಿಂತ ಏಜೆಂಟರು ದೆಹಲಿಯ ಕನಿಷ್ಕ ಗುಪ್ತ. 2022ರಲ್ಲಿ ಇದೇ ಪ್ರಶಸ್ತಿ ಪಡೆದ ಹಿಂದಿ ಕಾದಂಬರಿಕಾರ್ತಿ ಗೀತಾಂಜಲಿ ಶ್ರೀ ಅವರ ಪರವಾಗಿಯೂ ಅವರೇ ಕೆಲಸ ಮಾಡಿದ್ದರು. ಭಾರತೀಯ ಭಾಷೆಗಳ ಅನುವಾದವನ್ನು ಬಲ್ಲ ಏಜೆಂಟ್, ಅನುವಾದವನ್ನು ಪ್ರೀತಿಸುವ ಪ್ರಕಾಶಕ – ಇವರಿಬ್ಬರೂ ಕೂಡಿಬಂದದ್ದು ಕೇವಲ ಅದೃಷ್ಟದಿಂದ ಎಂದು ನಾನು ನಂಬಲಾರೆ.

ಹಾಗಾದರೆ ಊಟದ ಸಾಲಿನಲ್ಲಿ ಕೇಳಿದ ಆ ತರುಣಿಗೆ ನನ್ನ ಉತ್ತರವೇನು? ನಿನ್ನ ಕಪಾಟಿನಿಂದ ಪ್ರಾರಂಭಿಸು, ತಾಯಿ. ನಿನ್ನ ಬರಹಕ್ಕೆ ಬಂಧುವಾಗಬಲ್ಲ ಐದಾರು ಪುಸ್ತಕಗಳನ್ನು ತೆಗೆದು ನೋಡು. ಕನ್ನಡದ್ದಾದರೆ ಪ್ರಕಾಶಕರು ಯಾರೆಂಬುದನ್ನೂ, ಇಂಗ್ಲಿಷಿನದಾದರೆ ಕೃತಜ್ಞತೆಯ ಪುಟದಲ್ಲಿ ಲೇಖಕರು ನೆನೆದ ಏಜೆಂಟರ ಹೆಸರನ್ನೂ ಬರೆದಿಟ್ಟುಕೊ. ಐವತ್ತು ವಿಳಾಸಗಳಿಗೆ ಒಂದೇ ಪತ್ರದ ನಕಲನ್ನು ಎಸೆಯಬೇಡ. ಐದು ವಿಳಾಸಗಳನ್ನು ಆರಿಸಿ, ಅವರ ಪುಸ್ತಕಗಳನ್ನು ಓದಿದ್ದೇನೆಂಬುದು ತಿಳಿಯುವಂತೆ ಬರೆ. ಅವರು ಕೇಳಿದಷ್ಟನ್ನೇ, ಕೇಳಿದ ಕ್ರಮದಲ್ಲಿಯೇ ಕಳುಹಿಸು. ಕನ್ನಡ ಕೃತಿಗೆ ಇಂಗ್ಲಿಷ್ ಏಜೆಂಟರನ್ನು ಅರಸುವೆಯಾದರೆ ಮೊದಲು ಒಳ್ಳೆಯ ಅನುವಾದಕರನ್ನು ಹುಡುಕು. ಒಂದೆರಡು ಅಧ್ಯಾಯಗಳಾದರೂ ಅನುವಾದವಾಗದೆ ಅವರು ಓದುವುದಾದರೂ ಏನನ್ನು? ಕರಾರು ಪತ್ರದಲ್ಲಿ ಅನುವಾದದ, ಚಲನಚಿತ್ರದ ಹಕ್ಕುಗಳು ಯಾರವೆಂಬುದನ್ನು ಓದದೆ ಸಹಿ ಹಾಕಬೇಡ. ನಮ್ಮ ದಿರ್ಹಮಿನ ಸದ್ದು ದೂರದವರೆಗೂ ಕೇಳಿಸುತ್ತದೆ. ಕೊಲ್ಲಿಯ ವಿಳಾಸ ಕಂಡೊಡನೆ ಹೊಗಳಿಕೆಯ ಪತ್ರವೂ ಖರ್ಚಿನ ಪಟ್ಟಿಯೂ ಒಟ್ಟಿಗೇ ಬಂದರೆ, ಎರಡನ್ನೂ ಒಟ್ಟಿಗೇ ಪಕ್ಕಕ್ಕಿಡು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು ಪಾಪವಲ್ಲ, ಗಳಗನಾಥರೂ ಹಾಕಿಸಿದರು. ಆದರೆ ಅದನ್ನು ನಿನ್ನ ಸಾಹಸವೆಂದು ತಿಳಿದೇ ಮಾಡು.

ಎರಡನೆಯ ಬಾರಿ ನಾನು ಹಾಗೆಯೇ ಮಾಡಿದೆ. 1995ರಲ್ಲಿ, ನಾನು ಪ್ರೀತಿಯಿಂದ ಓದಿದ್ದ ಪುಸ್ತಕಗಳ ಮೂವರು ಪ್ರಕಾಶಕರಿಗೆ ಬರೆದೆ. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ಕಾರ್ಡಿನಲ್ಲಿ ಕಾರಣಸಹಿತ ನಿರಾಕರಿಸಿದರು. ಮೂರನೆಯವರು ಹಸ್ತಪ್ರತಿಯನ್ನೇ ಹಿಂದಕ್ಕೆ ಕಳುಹಿಸಿದರು. ನಮ್ಮ ಕಚೇರಿಯ ಅಂಚೆಪೆಟ್ಟಿಗೆಯಿಂದ ಆ ದಪ್ಪ ಲಕೋಟೆಯನ್ನು ತೆಗೆದಾಗ ಎದೆ ಕುಸಿಯಿತು. ಕೋಣೆಗೆ ಬಂದು ಬಿಚ್ಚಿ ನೋಡಿದರೆ ಪುಟಪುಟದ ಅಂಚಿನಲ್ಲೂ ಪೆನ್ಸಿಲಿನ ಸಣ್ಣ ಅಕ್ಷರಗಳು! ಯಾರೋ ನನ್ನ ಪ್ರತಿಯೊಂದು ವಾಕ್ಯವನ್ನೂ ಓದಿದ್ದರು. ಏಳು ಕಥೆಗಳನ್ನು ಮತ್ತೆ ಬರೆಯಲು ಎರಡು ವರ್ಷ ಹಿಡಿಯಿತು; ಪುಸ್ತಕ 1998ರಲ್ಲಿ ಹೊರಬಂತು. ನನ್ನಿಂದ ಅವರು ಒಂದು ಕಾಸನ್ನೂ ಕೇಳಲಿಲ್ಲ.

ರಜೆಯಲ್ಲಿ ಹೋಗಿ ಅಮ್ಮನ ಕೈಗೆ ಅದರ ಪ್ರತಿಯನ್ನಿತ್ತೆ. ಕನ್ನಡಕ ಹಾಕಿಕೊಂಡು, ಹೊದಿಕೆಯನ್ನು ತಿರುವಿ ನೋಡಿ, “ಇದನ್ನೂ ಅಟ್ಟಕ್ಕೆ ಹಾಕಬೇಕೋ, ಮಗಾ?” ಎಂದು ಕೇಳಿದರು. ಬೇಡ ಅಮ್ಮ, ಇದನ್ನು ಬೇರೆಯವರು ಓದುತ್ತಿದ್ದಾರೆ ಎಂದೆ. ಅಮ್ಮ ಈಗಿಲ್ಲ. ಆ ಹಳೆಯ ಕಟ್ಟುಗಳಲ್ಲಿ ಗೆದ್ದಲು ಉಳಿಸಿದ ಒಂದೇ ಒಂದು ಪ್ರತಿ ದುಬೈಯ ನನ್ನ ಮೇಜಿನ ಮೇಲಿದೆ. ಹಸ್ತಪ್ರತಿ ಹಿಡಿದು ಮನೆಗೆ ಬರುವ ತರುಣರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಈ ಸಮ್ಮೇಳನದಲ್ಲಿ ಸೇರಿರುವ ನಿಮ್ಮಲ್ಲಿ ಎಷ್ಟು ಮಂದಿಯ ಮನೆಯ ಮೇಜಿನ ಒಳಖಾನೆಯಲ್ಲಿ ಹಸ್ತಪ್ರತಿಗಳಿವೆಯೋ ಬಲ್ಲವರಾರು? ಅವೆಲ್ಲವೂ ಬೆಳಕು ಕಾಣಲಿ, ಅವುಗಳನ್ನು ನಿಜವಾಗಿ ಓದಬಲ್ಲ ಕೈಗಳನ್ನೇ ಸೇರಲಿ ಎಂದು ಹಾರೈಸುತ್ತೇನೆ.