ಬಿಡದ ಬಣ್ಣ

ಸೀರೆ ಅಂಗಡಿಯಲ್ಲಿ ನಾವು ಹೆಂಗಸರು ಬೆಲೆಗಿಂತ ಮೊದಲು ಕೇಳುವ ಮಾತು, "ಬಣ್ಣ ಬಿಡ್ತದೇನ್ರಿ?" ಎಂದು. ನಮ್ಮ ಲಕ್ಕುಂಡಿಗೆ ಬೆಟಗೇರಿಯ ಮಗ್ಗಗಳು ಹತ್ತಿರ. ಒಂದು ಕೆಂಪು ಎಳೆ ಪಕ್ಕದ ಬಿಳಿ ಎಳೆಯನ್ನು ಹೇಗೆ ಕೆಡಿಸುತ್ತದೆಂದು ಈ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಮೆದುಳನ್ನು ಅರಿಯಲು ಹೊರಟವರೂ ನೂರು ವರ್ಷಕ್ಕೂ ಮೇಲೆ ಇದೇ ಪ್ರಶ್ನೆಯ ಸುತ್ತ ತಿರುಗಿದರೆಂದು ಓದಿದಾಗ ಆ ಕಥೆ ನಮ್ಮದೇ ಅನ್ನಿಸಿತು.

ಮೆದುಳೆಂದರೆ ಸಿಕ್ಕಾದ ನೂಲಿನ ಲಡಿ. ಕೋಟಿಗಟ್ಟಲೆ ನರಕೋಶಗಳು, ಒಂದೊಂದಕ್ಕೂ ಹತ್ತಾರು ಕವಲು. ಎಲ್ಲಕ್ಕೂ ಬಣ್ಣ ಹಾಕಿದರೆ ಕಾಣುವುದು ಬರೀ ಮುದ್ದೆ. 1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಆಸ್ಪತ್ರೆಯೊಂದರ ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು (ಅಡಿಗೆಮನೆಯನ್ನು ಹಗುರಾಗಿ ಕಾಣುವವರು ಇದನ್ನು ಗಮನಿಸಬೇಕು) ಬೆಳ್ಳಿಯ ಲವಣದಿಂದ ಒಂದು ಕಪ್ಪು ಬಣ್ಣ ಕಟ್ಟಿದ. ಅದು ನೂರರಲ್ಲಿ ಕೆಲವೇ ಕೋಶಗಳಿಗೆ ಹಿಡಿಯುತ್ತಿತ್ತು. ಆದರೆ ಹಿಡಿದ ಕೋಶ ಬೇರಿನಿಂದ ತುದಿಯವರೆಗೆ, ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಬಳ್ಳಿಯಂತೆ, ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ಅದೇ ಬಣ್ಣ ಹಿಡಿದು ಸ್ಪೇನಿನ ಕಹಾಲ್, ನರಕೋಶಗಳು ಹೆಣೆದ ಬಲೆಯಲ್ಲ, ಬಿಡಿಬಿಡಿ ಎಳೆಗಳೆಂದು ತೋರಿಸಿದ. ಗಾಲ್ಜಿ ಒಪ್ಪಲೇ ಇಲ್ಲ. 1906ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಬಂತು, ಆಗಲೂ ಒಪ್ಪಲಿಲ್ಲ.

ಒಂದೇ ಕೊರತೆ. ಆ ಬಣ್ಣ ಹಿಡಿಯುವುದು ಸತ್ತ ಕೋಶಕ್ಕೆ. ಜೀವಂತ ನರ ಹೇಗೆ ಬೆಳೆಯುತ್ತದೆ ಎಂದು ನೋಡಬೇಕಾದರೆ? 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಚೂರೊಂದನ್ನು ದೇಹದ್ರವದ ಹನಿಯಲ್ಲಿಟ್ಟು, ನರದ ಎಳೆ ಹೊರಚಾಚುವುದನ್ನು ಕಣ್ಣಾರೆ ಕಂಡ. ದೇಹದ ಹೊರಗೆ ಗಾಜಿನ ಮೇಲೆ ನರ ಬೆಳೆಸುವ ಕೆಲಸ ಶುರುವಾದದ್ದು ಹೀಗೆ.

ಆ ಕೆಲಸವನ್ನು ಎತ್ತರಕ್ಕೇರಿಸಿದವಳು ಒಬ್ಬ ಹೆಣ್ಣುಮಗಳು. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರಿನವಳಾದ ನನಗೆ ಇಂಥ ಹೆಸರು ಕಂಡರೆ ನಿಂತು ನೋಡುವ ಚಾಳಿ. ರೀಟಾ ಲೆವಿ-ಮೊಂತಾಲ್ಚಿನಿ ಇಟಲಿಯ ಯಹೂದಿ ಮನೆತನದವಳು. 1938ರ ಜನಾಂಗ ಕಾನೂನು ಅವಳನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿತು. ಅವಳು ಮಲಗುವ ಕೋಣೆಯಲ್ಲೇ ಪ್ರಯೋಗಶಾಲೆ ಹೂಡಿದಳು. ಹೊಲಿಗೆ ಸೂಜಿ ಮಸೆದು ಚೂರಿ ಮಾಡಿಕೊಂಡಳು. ಯುದ್ಧದ ದಿನಗಳಲ್ಲಿ ರೈತರ ಮನೆಮನೆ ತಿರುಗಿ, ಇಲ್ಲದ ಮಕ್ಕಳ ಹೆಸರು ಹೇಳಿ ಕೋಳಿಮೊಟ್ಟೆ ಬೇಡಿ ತಂದಳು. ಒಳಗಿನ ಭ್ರೂಣದ ನರಗಳನ್ನು ನೋಡಿ, ಉಳಿದದ್ದು ಮನೆಯ ಊಟಕ್ಕೆ! 1952ರಲ್ಲಿ ಗಡ್ಡೆ ಇದ್ದ ಇಲಿಗಳನ್ನು ವಿಮಾನದಲ್ಲಿ ತನ್ನೊಂದಿಗೇ ಒಯ್ದು, ಬ್ರೆಜಿಲ್‌ನಲ್ಲಿ ಹೆರ್ತಾ ಮೇಯರ್ ಎಂಬ ಇನ್ನೊಬ್ಬ ಹೆಂಗಸಿನ ಪ್ರಯೋಗಶಾಲೆಯಲ್ಲಿ ಗಡ್ಡೆಯ ಚೂರಿನ ಬಳಿ ನರಗ್ರಂಥಿ ಇಟ್ಟಳು. ನರದ ಎಳೆಗಳು ದೇವರ ಪ್ರಭಾವಳಿಯಂತೆ ಸುತ್ತಲೂ ಚಿಮ್ಮಿದವು. ನರವನ್ನು ಬೆಳೆಸುವ ವಸ್ತುವೊಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಇದಕ್ಕಾಗಿ 1986ರಲ್ಲಿ ನೊಬೆಲ್ ಬಂದಾಗ ಅವಳಿಗೆ 77 ವರ್ಷ.

ಅದೇ 1986ರಲ್ಲಿ ಮಾರ್ಶಿಯಾ ಹೋನಿಗ್ ಮತ್ತು ರಿಚರ್ಡ್ ಹ್ಯೂಮ್ ನಮ್ಮ ಸೀರೆ ಪ್ರಶ್ನೆಗೆ ಉತ್ತರ ತಂದರು. ಕೋಳಿಭ್ರೂಣದ ಬೆನ್ನುಹುರಿಯನ್ನು ಬಿಡಿಬಿಡಿ ಮಾಡಿ ತಟ್ಟೆಯಲ್ಲಿ ಬೆಳೆಸಿದರೆ ಯಾವ ಕೋಶ ಯಾವುದು ಎಂದು ತಿಳಿಯುವುದು ಹೇಗೆ? ಬಿಡಿಸುವ ಮೊದಲೇ ಬೇಕಾದ ನರದ ತುದಿಗೆ ಬಣ್ಣ ತಾಗಿಸಿದರು. ಡೈ-ಐ ಎಂದು ಅದರ ಹೆಸರು. ಜೊತೆಗೆ ಡೈ-ಓ ಎಂಬ ಹಸಿರಿನದು ಇನ್ನೊಂದು. ಇವುಗಳ ಕಣಕ್ಕೆ ಬಣ್ಣದ ತಲೆ, ಎರಡು ಉದ್ದನೆಯ ಕೊಬ್ಬಿನ ಬಾಲ. ಕೋಶದ ಹೊರಪೊರೆಯೂ ಕೊಬ್ಬಿನದೇ. ಬಾಲ ಅದರಲ್ಲಿ ನಾಟಿಕೊಂಡು ಬಣ್ಣ ಎಳೆಯುದ್ದಕ್ಕೂ ಎಣ್ಣೆಯಂತೆ ಹರಡುತ್ತದೆ. ನೀರಿನಲ್ಲಿ ಮಂಕು, ಪೊರೆಯಲ್ಲಿ ಕೂತು ತಕ್ಕ ಬೆಳಕು ಬಿದ್ದರೆ ಕೆಂಡದ ಹೊಳಪು. ಕೋಶ ಸಾಯಲಿಲ್ಲ, ಬೆಳವಣಿಗೆ ನಿಲ್ಲಲಿಲ್ಲ, ಬಣ್ಣ ಪಕ್ಕದ ಜೀವಂತ ಕೋಶಕ್ಕೆ ಹತ್ತಲಿಲ್ಲ. ವಾರಗಟ್ಟಲೆ ಉಳಿಯಿತು.

ಹಾಗೆಂದು ಕುರುಡಾಗಿ ನಂಬುವಂತಿಲ್ಲ. ಬಣ್ಣ ಹಚ್ಚಿದ ಕೋಶ ಸತ್ತರೆ ಅದರ ಚೂರುಗಳನ್ನು ನೆರೆಯ ಕೋಶ ನುಂಗಿ ತಾನೂ ಹೊಳೆಯುತ್ತದೆ. ಕೋಶಗಳನ್ನು ಇನ್ನೊಂದು ದೇಹಕ್ಕೆ ಕಸಿ ಮಾಡಿದಾಗ, ಹೊಳೆದದ್ದೆಲ್ಲ ನಾವು ನೆಟ್ಟದ್ದೇ ಎಂದುಕೊಂಡು ಮೋಸಹೋದವರುಂಟು. ಮೊದಲ ಒಗೆತದ ನೀರು ನೋಡದೆ ಸೀರೆಯನ್ನು ಹೊಗಳಬಾರದು.

ಇಷ್ಟಾದರೂ ಗಾಲ್ಜಿಯ ಕಪ್ಪು ಬಣ್ಣ ಮೂಲೆಗೆ ಬಿದ್ದಿಲ್ಲ. ಬೆಳೆದ ಮೆದುಳಿನ ಕೋಶವನ್ನು ಕವಲು ಸಮೇತ ಅಳೆಯಲು ಅದು ಈಗಲೂ ಬೇಕು. 2002ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್‌ನ ಅಜಯ್ ವ್ಯಾಸ್, ರೂಪ್ಶಿ ಮಿತ್ರಾ, ಶಂಕರನಾರಾಯಣ ರಾವ್, ಸುಮಂತ್ರ ಚಟರ್ಜಿ ಅದನ್ನೇ ಬಳಸಿದರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಟ್ಟು ನೋಡಿದರೆ, ನೆನಪಿನ ಭಾಗದ ಕೋಶಗಳ ಕವಲುಗಳು ಕುಗ್ಗಿದ್ದವು, ಅಂಜಿಕೆಯ ಭಾಗದವು ಬೆಳೆದಿದ್ದವು. "ಮನಸ್ಸಿಗೆ ಹಚ್ಕೋಬ್ಯಾಡವ್ವಾ" ಎಂದು ನಮಗೆ ಹೇಳುವವರು ಬಹಳ. ಹಚ್ಚಿಕೊಂಡದ್ದು ಬರಿಗಾಳಿಯಲ್ಲಿ ಉಳಿಯುವುದಿಲ್ಲ, ಕೋಶದ ಆಕಾರದಲ್ಲೇ ಬರೆದುಕೊಳ್ಳುತ್ತದೆ ಎಂದು ಇಲಿಗಳ ಮೆದುಳಾದರೂ ಹೇಳಿತಲ್ಲ! 2004ರಲ್ಲಿ ಅದೇ ತಂಡದ ಕೆಲವರು ಕಟ್ಟು ಬಿಚ್ಚಿ 21 ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟು ಮತ್ತೆ ನೋಡಿದರು. ಅಂಜಿಕೆಯ ಕವಲುಗಳು ಬೆಳೆದಂತೆಯೇ ಇದ್ದವು.