ಐರ್ಲೆಂಡಿನ ದೂರದರ್ಶಕ ಆಫ್ರಿಕಾದಲ್ಲಿ ನೆಲೆಸಿದ ಕಥೆ

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಆವಾಹನೆ ಮಾಡಿ ಮಕ್ಕಳ ಪುಸ್ತಕಗಳನ್ನು ಪೂಜೆಗೆ ಇಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇದೆ. ಪಂಚಾಂಗದಲ್ಲಿ ಆ ದಿನ ನೋಡಿಕೊಂಡು ಇಲ್ಲಿ ಡನ್‌ಡಾಕಿನಲ್ಲೂ ಪೂಜೆ ನಡೆಸಬಹುದು. ಆದರೆ ಒಂದು ತಮಾಷೆಯ ಸಂಗತಿ ಏನೆಂದರೆ, ಮೂಲಾ ನಕ್ಷತ್ರ ಡನ್‌ಡಾಕಿನಲ್ಲಿ ಹುಟ್ಟುವುದೇ ಇಲ್ಲ! ವೃಶ್ಚಿಕ ರಾಶಿಯ ಬಾಲದ ತುದಿಯಲ್ಲಿರುವ ಆ ತಾರೆ ನಮ್ಮ ದಕ್ಷಿಣ ಕ್ಷಿತಿಜಕ್ಕಿಂತ ಸುಮಾರು ಒಂದು ಡಿಗ್ರಿ ಕೆಳಗೇ ಹಾದುಹೋಗುತ್ತದೆ. ನಾವಿರುವುದು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ಪಕ್ಕದ ಮನೆಯ ತೆಂಗಿನ ಮರದ ಹಿಂದೆ ಅಡಗಿರುವ ಧ್ರುವ ನಕ್ಷತ್ರ ಇಲ್ಲಿ ನೆತ್ತಿಯ ಕಡೆಗೆ ಏರಿ ನಿಂತಿದೆ. ಅದಕ್ಕೆ ಬದಲಾಗಿ ದಕ್ಷಿಣದ ಆಕಾಶದ ದೊಡ್ಡ ಪಾಲನ್ನು ನಾವು ಕಳೆದುಕೊಂಡಿದ್ದೇವೆ. ಊರಿನಲ್ಲಿ ಚಳಿಗಾಲದ ರಾತ್ರಿ ಥಳಥಳ ಹೊಳೆಯುವ ಅಗಸ್ತ್ಯ ನಕ್ಷತ್ರವೂ ಇಲ್ಲಿ ಇಲ್ಲ.

ಇಷ್ಟೇ ಸಾಲದು ಎಂಬಂತೆ ಇಲ್ಲಿಯ ಮೋಡ. ಮೋಡ ಸರಿದರೆ ಬೇಸಿಗೆಯ ಬೆಳಕು. ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ನಮ್ಮಲ್ಲಿ ಪೂರ್ತಿ ಕತ್ತಲೆ ಆಗುವುದೇ ಇಲ್ಲ. ನಡುರಾತ್ರಿಯಲ್ಲೂ ಉತ್ತರ ದಿಕ್ಕಿನಲ್ಲಿ ಮಸುಕು ಬೆಳಕು ಉಳಿದಿರುತ್ತದೆ. ನಕ್ಷತ್ರಗಳ ಫೋಟೋ ತೆಗೆಯಬೇಕೆನ್ನುವವರಿಗೆ ಇದಕ್ಕಿಂತ ಕಷ್ಟದ ಊರು ಹುಡುಕುವುದು ಸುಲಭವಲ್ಲ. ಹೀಗಿರುವಾಗ, ನಮ್ಮಿಂದ ಉತ್ತರಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಅರ್ಮಾ ಪಟ್ಟಣದಲ್ಲಿ 1790ರಿಂದಲೂ ಒಂದು ವೀಕ್ಷಣಾಲಯ ಇದೆ. ದಕ್ಷಿಣಕ್ಕೆ ಡಬ್ಲಿನ್ ಅಂಚಿನಲ್ಲಿ 1785ರಲ್ಲಿ ಸ್ಥಾಪನೆಯಾದ ಡನ್ಸಿಂಕ್ ವೀಕ್ಷಣಾಲಯ ಇದೆ. ಇವೆರಡರ ನಡುವಿನ ದಾರಿಯಲ್ಲಿ ನಮ್ಮ ಡನ್‌ಡಾಕ್. ಈ ಎರಡು ಸಂಸ್ಥೆಗಳು ಕೂಡಿ ಒಳ್ಳೆಯ ಆಕಾಶವನ್ನು ಅರಸಿಕೊಂಡು ಭೂಮಿಯ ಇನ್ನೊಂದು ಅರ್ಧಕ್ಕೆ ಹೋದ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಅಗಸ್ತ್ಯರ ದಾರಿ ಹಿಡಿದವರು

ವಿಂಧ್ಯ ಪರ್ವತವನ್ನು ತಲೆ ಬಾಗಿಸಿ ದಕ್ಷಿಣಕ್ಕೆ ನಡೆದ ಅಗಸ್ತ್ಯರು ಮತ್ತೆ ಹಿಂತಿರುಗಲಿಲ್ಲ ಎಂಬುದು ನಮ್ಮ ಪುರಾಣ. ಯೂರೋಪಿನ ಖಗೋಳ ವಿಜ್ಞಾನಿಗಳಲ್ಲೂ ಇಂಥ ಅಗಸ್ತ್ಯರು ಇದ್ದರು. ಜಾನ್ ಹರ್ಷೆಲ್ 1834ರಲ್ಲಿ ಹೆಂಡತಿ ಮಕ್ಕಳ ಸಮೇತ ಆಫ್ರಿಕಾದ ತುದಿಯ ಕೇಪ್ ಟೌನಿಗೆ ಹೋಗಿ, ತಾನು ಒಯ್ದ ದೂರದರ್ಶಕವನ್ನು ನಿಲ್ಲಿಸಿ, 1838ರವರೆಗೆ ಅಲ್ಲೇ ಇದ್ದು ದಕ್ಷಿಣದ ನೀಹಾರಿಕೆಗಳನ್ನು ಒಂದೊಂದಾಗಿ ನೋಡಿ ಕೈಯಿಂದ ಚಿತ್ರ ಬಿಡಿಸಿದ. ಆಗ ಫೋಟೋ ಎಂಬುದು ಇನ್ನೂ ಜನರ ಕೈಗೆ ಬಂದಿರಲಿಲ್ಲ. ಊರಿಗೆ ಮರಳಿದ ಮರುವರ್ಷವೇ, 1839ರಲ್ಲಿ, ಫೋಟೋ ಅಳಿಸಿಹೋಗದಂತೆ ನಿಲ್ಲಿಸುವ ಹೈಪೋ ದ್ರಾವಣದ ಉಪಯೋಗವನ್ನು ತೋರಿಸಿಕೊಟ್ಟವನೂ ಇದೇ ಹರ್ಷೆಲ್.

ಮುಂದಿನ ಪ್ರಯತ್ನದಲ್ಲಿ ಐರ್ಲೆಂಡಿನ ಕೈ ಇತ್ತು. ಅರ್ಮಾ ವೀಕ್ಷಣಾಲಯದ ಮುಖ್ಯಸ್ಥ ಥಾಮಸ್ ರಾಮ್ನಿ ರಾಬಿನ್ಸನ್ ಮುಂತಾದವರು ಒತ್ತಾಯಿಸಿ, ಡಬ್ಲಿನ್ನಿನ ಗ್ರಬ್ ಕಾರ್ಖಾನೆಯಲ್ಲಿ 48 ಅಂಗುಲದ ಲೋಹದ ಕನ್ನಡಿಯ ದೂರದರ್ಶಕ 1868ರಲ್ಲಿ ತಯಾರಾಯಿತು. ಅದು ಹಡಗು ಹತ್ತಿ ಆಸ್ಟ್ರೇಲಿಯಾದ ಮೆಲ್ಬರ್ನ್ ಸೇರಿತು. ಆದರೆ ಲೋಹದ ಕನ್ನಡಿ ಮಸುಕಾಗುತ್ತಿತ್ತು, ಅದನ್ನು ಮತ್ತೆ ಹೊಳಪು ಮಾಡುವುದು ದೊಡ್ಡ ಪಡಿಪಾಟಲು. ನಿರೀಕ್ಷಿಸಿದಷ್ಟು ಕೆಲಸ ಅದರಿಂದ ಆಗಲಿಲ್ಲ.

ಇನ್ನೂ ಒಂದು ಸ್ವಾರಸ್ಯ. 1888ರಲ್ಲಿ ಅರ್ಮಾದಲ್ಲಿ ಕುಳಿತು ಡ್ರೈಯರ್ ಎಂಬ ವಿಜ್ಞಾನಿ 7,840 ನೀಹಾರಿಕೆ ಮತ್ತು ನಕ್ಷತ್ರ ಗುಚ್ಛಗಳ ಪಟ್ಟಿ ಪ್ರಕಟಿಸಿದ. ಇಂದಿಗೂ ಎನ್‌ಜಿಸಿ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಬಳಸುವ ಪಟ್ಟಿ ಅದು. ಅದರಲ್ಲಿರುವ ದಕ್ಷಿಣದ ಎಷ್ಟೋ ವಸ್ತುಗಳು ಅರ್ಮಾದ ಆಕಾಶಕ್ಕೆ ಎಂದೂ ಬರುವುದಿಲ್ಲ. ಲೆಕ್ಕ ಬರೆದ ಊರಿನವರಿಗೇ ಆಸ್ತಿ ಕಾಣದ ಹಾಗೆ!

ಮೆಗೆಲನ್ ಮೋಡಗಳು

ದಕ್ಷಿಣದ ಆಕಾಶದಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಅಲ್ಲಿ ಎರಡು ಬೆಳ್ಳನೆಯ ಮೋಡದ ತುಣುಕುಗಳಿವೆ. ಮೆಗೆಲನ್ ಮೋಡಗಳೆಂದು ಹೆಸರು. ಮೋಡವಲ್ಲ, ನಮ್ಮ ಆಕಾಶಗಂಗೆಯ ನೆರೆಯ ಎರಡು ಪುಟ್ಟ ಗೆಲಾಕ್ಸಿಗಳು. ಬೆಂಗಳೂರಿನಿಂದ ದೊಡ್ಡ ಮೋಡ ಕ್ಷಿತಿಜದಿಂದ 7 ಡಿಗ್ರಿ, ಚಿಕ್ಕದು 4 ಡಿಗ್ರಿ ಮಾತ್ರ ಏರುತ್ತವೆ. ಧೂಳು ಮಬ್ಬಿನಲ್ಲಿ ಕಾಣುವುದಿಲ್ಲ. ಐರ್ಲೆಂಡಿನಲ್ಲಂತೂ ಪ್ರಶ್ನೆಯೇ ಇಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಇದನ್ನು ಮೊದಲೇ ಅರಿತು, ಬಾಯ್ಡನ್ ಎಂಬ ದಾನಿ ಬಿಟ್ಟುಹೋದ ಹಣದಿಂದ ಪೆರು ದೇಶದ ಅರೆಕಿಪಾದಲ್ಲಿ ಒಂದು ಶಾಖೆ ತೆರೆದಿತ್ತು. ಅಲ್ಲಿ ಗಾಜಿನ ಪ್ಲೇಟುಗಳ ಮೇಲೆ ತೆಗೆದ ಫೋಟೋಗಳು ಅಮೆರಿಕಕ್ಕೆ ಬರುತ್ತಿದ್ದವು. ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ ಆ ಪ್ಲೇಟುಗಳನ್ನು ನೋಡುತ್ತ ನೋಡುತ್ತ, ಕೆಲವು ನಕ್ಷತ್ರಗಳ ಬೆಳಕು ಏರಿಳಿಯುವ ಅವಧಿಗೂ ಅವುಗಳ ನಿಜವಾದ ಪ್ರಕಾಶಕ್ಕೂ ಸಂಬಂಧ ಇದೆ ಎಂದು ಕಂಡುಹಿಡಿದರು (1908 ಮತ್ತು 1912). ವಿಶ್ವದ ದೂರಗಳನ್ನು ಅಳೆಯಲು ಸಿಕ್ಕ ಅಳತೆಗೋಲು ಅದು. ಅದು ದೊರೆತದ್ದು ಚಿಕ್ಕ ಮೆಗೆಲನ್ ಮೋಡದ ಫೋಟೋಗಳಿಂದ. ಅರೆಕಿಪಾದಲ್ಲಿ ಮೋಡದ ಕಾಟ ಹೆಚ್ಚಿದ್ದರಿಂದ ಬಾಯ್ಡನ್ ಶಾಖೆಯನ್ನು 1927ರಲ್ಲಿ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ಬಳಿಗೆ ಸಾಗಿಸಿದರು. ಅದು ಸುಮಾರು 1,400 ಮೀಟರ್ ಎತ್ತರದ ಒಣ ಬಯಲುಸೀಮೆ. ಎರಡು ಮೆಗೆಲನ್ ಮೋಡಗಳೂ ಅಲ್ಲಿ ವರ್ಷವಿಡೀ ಮುಳುಗುವುದೇ ಇಲ್ಲ.

ಲಿಂಡ್ಸೆ ಅವರ ಸಾಹಸ

ಎರಿಕ್ ಲಿಂಡ್ಸೆ ಹುಟ್ಟಿದ್ದು 1907ರಲ್ಲಿ, ಅರ್ಮಾ ಕೌಂಟಿಯ ಪೋರ್ಟಡೌನಿನಲ್ಲಿ. ಹಾರ್ವರ್ಡ್‌ನಲ್ಲಿ ಓದಿ, ಬಾಯ್ಡನ್‌ನಲ್ಲಿ ಕೆಲಸ ಮಾಡಿ, ದಕ್ಷಿಣದ ಆಕಾಶವನ್ನು ಕಣ್ತುಂಬ ನೋಡಿದವರು. 1937ರಲ್ಲಿ ಅರ್ಮಾ ವೀಕ್ಷಣಾಲಯದ ಮುಖ್ಯಸ್ಥರಾಗಿ ಊರಿಗೆ ಮರಳಿದರು. ಅಲ್ಲಿದ್ದುದು ಹಳೆಯ ಉಪಕರಣ, ತೆಳ್ಳನೆಯ ಥೈಲಿ, ಮೇಲೆ ಮೋಡ. ಅರ್ಮಾದಲ್ಲಿ ದೊಡ್ಡ ದೂರದರ್ಶಕ ನಿಲ್ಲಿಸಿ ಪ್ರಯೋಜನವಿಲ್ಲ, ಬಾಯ್ಡನ್‌ನಲ್ಲಿ ನಿಲ್ಲಿಸಬೇಕು ಎಂಬುದು ಅವರ ಯೋಚನೆ. ಆದರೆ ಅರ್ಮಾ ಒಂದಕ್ಕೇ ಅಷ್ಟು ಶಕ್ತಿ ಇರಲಿಲ್ಲ.

ಈಗ ನಮ್ಮ ಊರಿನ ಪಕ್ಕದ ಗಡಿಯ ವಿಷಯ. 1921ರಲ್ಲಿ ಐರ್ಲೆಂಡ್ ಎರಡಾದ ಮೇಲೆ ಅರ್ಮಾ ಆ ಕಡೆ ಉಳಿಯಿತು, ಡನ್ಸಿಂಕ್ ಈ ಕಡೆ. ಸುಂಕದ ಕಟ್ಟೆಗಳು ಎದ್ದವು. ಎರಡು ಸರ್ಕಾರಗಳೂ ಮಾತು ಬಿಟ್ಟ ದಾಯಾದಿಗಳ ಹಾಗೆ ಇದ್ದವು. ಡನ್ಸಿಂಕ್ ವೀಕ್ಷಣಾಲಯವಂತೂ ಆ ಹೊತ್ತಿಗೇ ಬಾಗಿಲು ಹಾಕಿಕೊಂಡಿತ್ತು.

ಲಿಂಡ್ಸೆ ಗಡಿ ದಾಟಿ ಡಬ್ಲಿನ್ನಿಗೆ ಹೋಗಿ ಪ್ರಧಾನಿ ಡಿ ವಲೇರಾ ಅವರನ್ನು ಕಂಡರು. ಡಿ ವಲೇರಾ ರಾಜಕೀಯಕ್ಕೆ ಬರುವ ಮೊದಲು ಗಣಿತದ ಮೇಷ್ಟ್ರು. ಡನ್ಸಿಂಕ್‌ನಲ್ಲಿದ್ದ ಮಹಾ ಗಣಿತಜ್ಞ ಹ್ಯಾಮಿಲ್ಟನ್ ಬಗ್ಗೆ ಅವರಿಗೆ ಅಪಾರ ಭಕ್ತಿ. 1947ರಲ್ಲಿ ಡನ್ಸಿಂಕ್ ಮತ್ತೆ ತೆರೆಯಿತು. ಜರ್ಮನಿಯಿಂದ ಬಂದಿದ್ದ ಹರ್ಮನ್ ಬ್ರೂಕ್ ಅದರ ಮುಖ್ಯಸ್ಥರಾದರು. ಹಾರ್ವರ್ಡ್‌ನ ಹಾರ್ಲೋ ಶಾಪ್ಲಿ ಕೈಜೋಡಿಸಿದರು. ಬೆಲ್‌ಫಾಸ್ಟ್ ಸರ್ಕಾರವೂ ಡಬ್ಲಿನ್ ಸರ್ಕಾರವೂ ಹಣ ಕೊಡಲು ಒಪ್ಪಿದವು. ಮೂರು ಸಂಸ್ಥೆಗಳ ಮೊದಲ ಅಕ್ಷರ ಸೇರಿಸಿ ಎ.ಡಿ.ಎಚ್. ದೂರದರ್ಶಕ ಎಂದು ಹೆಸರಾಯಿತು. 1950ರಲ್ಲಿ ಅದು ಬಾಯ್ಡನ್‌ನಲ್ಲಿ ಕೆಲಸ ಶುರು ಮಾಡಿತು.

ಅದೇನೂ ಸಣ್ಣ ಮಾತಲ್ಲ. ಎರಡು ಕಡೆಯ ಪ್ರಧಾನಿಗಳಾದ ಲೆಮಾಸ್ ಮತ್ತು ಓ'ನೀಲ್ ಅಧಿಕೃತವಾಗಿ ಭೇಟಿಯಾಗಿ ಮಾತನಾಡಿದ್ದು 1965ರ ಜನವರಿಯಲ್ಲಿ, ದಶಕಗಳ ಮೌನದ ನಂತರ. ನಮ್ಮ ಡನ್‌ಡಾಕಿನಲ್ಲೇ ಕಾರ್ಖಾನೆ ಇದ್ದ ಗ್ರೇಟ್ ನಾರ್ದರ್ನ್ ರೈಲ್ವೆಯನ್ನು ಎರಡು ಸರ್ಕಾರಗಳೂ ಕೂಡಿ 1953ರಲ್ಲಿ ವಹಿಸಿಕೊಂಡವು. 1958ಕ್ಕೆ ಅದನ್ನೂ ಪಾಲು ಮಾಡಿಕೊಂಡವು. ಅದಕ್ಕಿಂತ ಮೊದಲೇ ಒಂದು ದೂರದರ್ಶಕ ಇಬ್ಬರದೂ ಆಗಿತ್ತು. ಅದು ಇಬ್ಬರ ನೆಲದಲ್ಲೂ ಇರಲಿಲ್ಲ ಎಂಬುದೇ ಅನುಕೂಲವಾಗಿರಬೇಕು. ಯಾರ ಬಾವುಟ ಹಾರಿಸಬೇಕು ಎಂಬ ಜಗಳಕ್ಕೆ ಆಸ್ಪದವೇ ಇಲ್ಲವಲ್ಲ!

ದೂರದರ್ಶಕವೆನ್ನುವುದಕ್ಕಿಂತ ಅದೊಂದು ಭಾರೀ ಕ್ಯಾಮೆರಾ. ಸಾಮಾನ್ಯ ದೊಡ್ಡ ದೂರದರ್ಶಕದಲ್ಲಿ ಆಕಾಶ ನೋಡುವುದು ಊದುಗೊಳವೆಯ ಮೂಲಕ ಜಾತ್ರೆ ನೋಡಿದ ಹಾಗೆ, ಸ್ವಲ್ಪವೇ ಜಾಗ ಕಾಣುತ್ತದೆ. 1930ರಲ್ಲಿ ಬರ್ನ್‌ಹಾರ್ಡ್ ಶ್ಮಿಟ್ ಎಂಬಾತ ಕನ್ನಡಿಯ ಮುಂದೆ ವಿಶೇಷವಾಗಿ ತಿದ್ದಿದ ಗಾಜನ್ನು ಇಟ್ಟು, ಒಂದೇ ಸಲಕ್ಕೆ ಅಗಲವಾದ ಆಕಾಶದ ಸ್ಪಷ್ಟ ಫೋಟೋ ತೆಗೆಯುವ ಉಪಾಯ ಕಂಡುಹಿಡಿದ. ಆದರೆ ಅದರಲ್ಲಿ ಚಿತ್ರ ಬಾಗಿದ ಮೇಲ್ಮೈಯಲ್ಲಿ ಮೂಡುತ್ತಿತ್ತು. ಹಾರ್ವರ್ಡ್‌ನ ಜೇಮ್ಸ್ ಬೇಕರ್ ಅದನ್ನು ಸುಧಾರಿಸಿ ಚಪ್ಪಟೆ ಪ್ಲೇಟಿನ ಮೇಲೆ ಮೂಡುವಂತೆ ಮಾಡಿದರು. ಎ.ಡಿ.ಎಚ್. ದೂರದರ್ಶಕ ಆ ಬಗೆಯದು. ಮುಂದಿನ ಗಾಜು 32 ಅಂಗುಲ, ಕನ್ನಡಿ 36 ಅಂಗುಲ.

ಲಿಂಡ್ಸೆ ಈ ಪ್ಲೇಟುಗಳನ್ನು ಇಟ್ಟುಕೊಂಡು ಚಿಕ್ಕ ಮೆಗೆಲನ್ ಮೋಡದ ನಕ್ಷತ್ರ ಗುಚ್ಛಗಳ ಪಟ್ಟಿಯನ್ನು 1958ರಲ್ಲಿಯೂ, ವಿಶೇಷ ಬೆಳಕು ಬೀರುವ ವಸ್ತುಗಳ ಪಟ್ಟಿಯನ್ನು 1961ರಲ್ಲಿಯೂ ಪ್ರಕಟಿಸಿದರು. "ಲಿಂಡ್ಸೆ 1" ಎಂಬ ಗುಚ್ಛದ ಹೆಸರು ಇಂದಿನ ಸಂಶೋಧನೆಗಳಲ್ಲೂ ಬರುತ್ತದೆ. 1950ರ ದಶಕದ ಮಧ್ಯದಲ್ಲಿ ಹಾರ್ವರ್ಡ್ ಬಾಯ್ಡನ್‌ಗೆ ಹಣ ಕೊಡುವುದನ್ನು ನಿಲ್ಲಿಸಲು ಹೊರಟಾಗ, ಯೂರೋಪಿನ ಬೇರೆ ವೀಕ್ಷಣಾಲಯಗಳನ್ನೂ ಸೇರಿಸಿಕೊಂಡು ಅದು ಮುಚ್ಚದಂತೆ ಕಾಪಾಡಿದವರಲ್ಲಿ ಅವರು ಮುಖ್ಯರು. 1974ರಲ್ಲಿ ಲಿಂಡ್ಸೆ ತೀರಿಕೊಂಡರು. 1976ರಲ್ಲಿ ಬಾಯ್ಡನ್ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿತು.

ಆ ಕತ್ತಲೆ ಯಾರಿಗೆ?

ಇಲ್ಲಿಯವರೆಗೆ ಸಂತೋಷದ ಕಥೆ. ಆದರೆ ನಾವು ಭಾರತೀಯರು ಇನ್ನೊಂದು ಮುಖವನ್ನೂ ನೋಡಬೇಕು. ಬ್ಲೂಮ್‌ಫಾಂಟೇನ್ ಇದ್ದದ್ದು ಆರೆಂಜ್ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ. 1891ರ ಕಾನೂನಿನ ಪ್ರಕಾರ ಭಾರತೀಯರು ಅಲ್ಲಿ ನೆಲೆಸುವಂತಿರಲಿಲ್ಲ. 1980ರ ದಶಕದ ಮಧ್ಯದವರೆಗೂ ಆ ನಿರ್ಬಂಧ ಇತ್ತು. ದೂರದರ್ಶಕ ಅಲ್ಲಿಗೆ ಹೋಗುವ ಎರಡು ವರ್ಷ ಮೊದಲು, 1948ರಲ್ಲಿ, ವರ್ಣಭೇದ ನೀತಿಯ ಸರ್ಕಾರ ಅಧಿಕಾರಕ್ಕೆ ಬಂದಿತ್ತು. ಐರ್ಲೆಂಡಿನ ಒಂದು ಗಡಿಯನ್ನು ದಾಟಿದ ಯೋಜನೆ, ಅಲ್ಲಿಯ ಇನ್ನೊಂದು ಗಡಿಯ ಒಳಗೇ ಉಳಿಯಿತು.

ಇದಕ್ಕೆ ನಮ್ಮವರ ನಂಟೂ ಉಂಟು. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ವೇಣು ಬಪ್ಪು ಒಂದು ಪ್ಲೇಟಿನ ಮೇಲೆ ಹೊಸ ಧೂಮಕೇತು ಕಂಡುಹಿಡಿದರು. ಅದಕ್ಕೆ ಅವರ ಹೆಸರಿನ ಜೊತೆಗೆ ಅಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ನ್ಯೂಕರ್ಕ್ ಹೆಸರು ಸೇರಿತು. ಮರುವರ್ಷ ಬಾಕ್ ಅವರೇ ಎ.ಡಿ.ಎಚ್. ದೂರದರ್ಶಕವನ್ನು ಸಜ್ಜುಗೊಳಿಸಲು ಬಾಯ್ಡನ್‌ಗೆ ಹೋದರು. ಗುರುವಿಗೆ ಬಾಗಿಲು ತೆರೆದಿತ್ತು. ಶಿಷ್ಯ ಅಲ್ಲಿ ಹೋಗಿ ನೆಲೆಸಬೇಕೆಂದರೆ ಕಾನೂನು ಅಡ್ಡ ಬರುತ್ತಿತ್ತು.

ಬಪ್ಪು ಭಾರತಕ್ಕೆ ಮರಳಿದರು. ನಮ್ಮ ನೆಲದಿಂದಲೇ ದಕ್ಷಿಣದ ಆಕಾಶ ಆದಷ್ಟು ಕಾಣಬೇಕೆಂದು ಹುಡುಕಿ, ಬೆಂಗಳೂರಿನಿಂದ ಸುಮಾರು 175 ಕಿಲೋಮೀಟರ್ ದೂರದ ಜವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು. 1960ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಆರಂಭವಾಯಿತು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ರೂಪುಗೊಂಡು, ಬೆಂಗಳೂರು ಅದರ ಕೇಂದ್ರವಾಯಿತು. 1986ರಲ್ಲಿ ಉದ್ಘಾಟನೆಯಾದ ಕಾವಲೂರಿನ 2.34 ಮೀಟರ್ ದೂರದರ್ಶಕಕ್ಕೆ ಬಪ್ಪು ಅವರ ಹೆಸರನ್ನೇ ಇಟ್ಟರು. ಅದನ್ನು ನೋಡಲು ಅವರಿರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು.

ಈಗ ಆಕಾಶಕ್ಕಾಗಿ ಮನುಷ್ಯ ಊರು ಬಿಡುವ ಅಗತ್ಯವೂ ಕಡಿಮೆಯಾಗಿದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಕಣ್ಣು ಹಿಮಾಲಯದಲ್ಲಿ, ಕೈ ಕರ್ನಾಟಕದಲ್ಲಿ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಿ, ಹಳ್ಳಿಯ ಜನರನ್ನೂ ಅದರಲ್ಲಿ ಪಾಲುದಾರರನ್ನಾಗಿ ಮಾಡಿದ್ದಾರೆ. ಐರ್ಲೆಂಡ್ ಸಹ 2018ರಲ್ಲಿ ಯೂರೋಪಿನ ದಕ್ಷಿಣ ವೀಕ್ಷಣಾಲಯದ ಸದಸ್ಯನಾಗಿ, ಚಿಲಿ ದೇಶದ ದೊಡ್ಡ ದೂರದರ್ಶಕಗಳಲ್ಲಿ ಪಾಲು ಪಡೆದಿದೆ. ಲಿಂಡ್ಸೆ ತೋರಿದ ದಾರಿ ಅದೇ: ನಮ್ಮಲ್ಲಿ ಇಲ್ಲದ ಆಕಾಶವನ್ನು ನಾಲ್ಕು ಜನರ ಜೊತೆ ಹಂಚಿಕೊಂಡೇ ಪಡೆಯಬೇಕು. ಆ ನಾಲ್ಕು ಜನರಲ್ಲಿ ಯಾರನ್ನೂ ಹೊರಗಿಡಬಾರದು ಎಂಬ ಪಾಠವನ್ನು ಬಪ್ಪು ಅವರ ಕಥೆ ಕಲಿಸುತ್ತದೆ.

ಶಾಲೆಗೆ ರಜೆ ಬಂದಾಗ ಮಕ್ಕಳನ್ನು ಅರ್ಮಾಗೆ ಕರೆದೊಯ್ಯಿರಿ. ನ್ಯೂರಿಯ ಮೇಲೆ ಹೋದರೆ ಸುಮಾರು ಒಂದು ಗಂಟೆ. ಸುಂಕದ ಕಟ್ಟೆಗಳು ಈಗ ಇಲ್ಲ. ಲಿಂಡ್ಸೆ ಅವರು ವರ್ಷಗಟ್ಟಲೆ ಹಟ ಹಿಡಿದು ಕಟ್ಟಿಸಿದ, 1968ರಲ್ಲಿ ತೆರೆದ ತಾರಾಲಯ ಹಳೆಯ ವೀಕ್ಷಣಾಲಯದ ಪಕ್ಕದಲ್ಲೇ ಇದೆ. ಅಲ್ಲಿಂದ ಮುಂದೆ ಟೈರೋನ್ ಕೌಂಟಿಯ ಡಾವಾ ಅರಣ್ಯದಲ್ಲಿ 2020ರಿಂದ ಕತ್ತಲೆಯ ಆಕಾಶದ ಉದ್ಯಾನವೂ ಇದೆ. ಬೆಚ್ಚನೆಯ ಕೋಟು, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಮರೆಯಬೇಡಿ. ಮೋಡ ಬಂದರೆ ಮಾತ್ರ ಲಿಂಡ್ಸೆ ಏಕೆ ಆಫ್ರಿಕಾದ ಕಡೆ ನೋಡಿದರು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವ ಕೆಲಸ ಉಳಿಯುತ್ತದೆ!